ಉಣ್ಣಮ್ಮಿ

ಮಗಳಿಗೆ ಎರಡನೆಯ ಜಡೆ ಹೆಣೆಯುತ್ತಿದ್ದಾಗ ಟಿವಿಯವರು ಬಾಗಿಲು ತಟ್ಟಿದರು. ನಮ್ಮ ಯಜಮಾನರು ಬರೆದ ಸಿನಿಮಾ ಹಾಡು ಈಗ ಆಟೋಗಳಲ್ಲಿ, ಮದುವೆಮನೆಗಳಲ್ಲಿ, ಎಲ್ಲೆಲ್ಲೂ. ವರ್ಷದ ಅತ್ಯುತ್ತಮ ಗೀತರಚನೆ ಪ್ರಶಸ್ತಿಯ ಕೊನೆಯ ಸುತ್ತಿಗೂ ಅದು ಬಂದಿತ್ತು.

ಜನರಿಗೆ ಹುಚ್ಚು ಹಿಡಿಸಿದ್ದು ಪಲ್ಲವಿಯಲ್ಲಿದ್ದ ‘ಉಣ್ಣಮ್ಮಿ’ ಎಂಬ ಪದ. ಎರಡು ವರ್ಷದವಳಿದ್ದಾಗ ಮಗಳಿಗೆ ‘ಹುಣ್ಣಿಮೆ’ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ, ‘ಉಣ್ಣಮ್ಮಿ’ ಎನ್ನುತ್ತಿದ್ದಳು. ಅದನ್ನೇ ಹಿಡಿದು ನಾನೊಂದು ಪಲ್ಲವಿ ಕಟ್ಟಿ, ಹಾಡುತ್ತ ಅವಳಿಗೆ ತುತ್ತು ಉಣಿಸುತ್ತಿದ್ದೆ.

“ಇವತ್ತು ನಿನ್ನ ಹೆಸರು ಹೇಳೇ ಹೇಳ್ತೀನಿ ಕಣೇ,” ಎಂದರು ಇವರು, ಶರ್ಟಿನ ಗುಂಡಿ ಹಾಕಿಕೊಳ್ಳುತ್ತ.

ಕಾಫಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಒಂದೇ ಜಡೆಯ ಮಗಳು ನನ್ನ ಸೆರಗು ಹಿಡಿದು ನಿಂತಳು.

“ಸರ್, ಎಲ್ರೂ ಕೇಳ್ತಿರೋದು ಒಂದೇ. ಈ ಉಣ್ಣಮ್ಮಿ ಎಲ್ಲಿಂದ ಬಂತು?”

ಇವರು ನನ್ನ ಕಡೆ ನೋಡಿದರು. ಆಮೇಲೆ ಕ್ಯಾಮೆರಾ ಕಡೆ.

“ಅದು ಹಳಗನ್ನಡದ ಪದ. ಈಗ ಯಾರೂ ಬಳಸಲ್ಲ. ಹುಡುಕಿ ತೆಗೆಯೋಕೆ ನಂಗೆ ಆರು ತಿಂಗಳು ಹಿಡೀತು.”

“ಅಬ್ಬಾ! ಎಂಥಾ ಅಧ್ಯಯನ ಸರ್ ನಿಮ್ದು!”

ಮಗಳು ಸೆರಗು ಜಗ್ಗಿದಳು. “ಆಮೇಲೆ ಕೇಳು ಪುಟ್ಟಿ,” ಎಂದು ಪಿಸುಗುಟ್ಟಿದೆ. ಮತ್ತೆ ಜಗ್ಗಿದಳು. ತಟ್ಟೆಯಲ್ಲಿ ಲೋಟಗಳು ಅಲುಗಾಡಿದವು. ಕೊನೆಗೆ ಎಲ್ಲರಿಗೂ ಕೇಳಿಸುವಂತೆ ಕೇಳಿಯೇಬಿಟ್ಟಳು:

“ಅಮ್ಮಾ, ನಾನು ಚಿಕ್ಕವಳಿದ್ದಾಗ ಹಳಗನ್ನಡ ಮಾತಾಡ್ತಿದ್ನಾ?”