ಅರವತ್ತನಾಲ್ಕನೆಯ ಹಾಳೆ

“ಮೃತ,” ಎಂದಳು ಆಕೆ, ಮೆತ್ತನೆಯ ಕುಂಚದಿಂದ ಹಕ್ಕಿಯ ಚಿತ್ರವಿದ್ದ ಹಾಳೆಯ ಧೂಳು ತೆಗೆಯುತ್ತಾ. ಸಂಗ್ರಹಾಲಯದ ಗುಮಾಸ್ತ ಬರೆದುಕೊಂಡ. ಮುಂದಿನ ಹಾಳೆ. “ಜೀವಂತ.”

ಗುರುತು ಸುಲಭ. ಬಾಳೆಲ್ಲ ಹಕ್ಕಿಗಳ ಹಿಂದೆ ಅಲೆದ ಆಕೆಯ ಗಂಡ, ಬದುಕಿದ್ದನ್ನು ಕಂಡು ಬರೆದರೆ ಮಾತ್ರ ಕಣ್ಣಲ್ಲಿ ಒಂದು ಬಿಳಿ ಚುಕ್ಕೆ ಬಿಡುತ್ತಿದ್ದರು. ಸತ್ತದ್ದಕ್ಕೆ ಬರೀ ಕಪ್ಪು.

“ನಮ್ಮ ಆಫೀಸಿನ ಸಾಹೇಬ್ರನ್ನ ಬರೆದಿದ್ರೆ ಚುಕ್ಕೆ ಇಡ್ತಾನೇ ಇರ್ಲಿಲ್ಲ ಬಿಡಿ,” ಎಂದ ಗುಮಾಸ್ತ.

ಆಕೆ ನಕ್ಕಳು. “ಬಾಯಿ ಏನಾದ್ರೂ ಹೇಳ್ಲಿ, ನಮ್ಮ ಯಜಮಾನರ ಕೈ ಸುಳ್ಳು ಬರೀತಿರ್ಲಿಲ್ಲ.”

ದಾನದ ಪಟ್ಟಿಯನ್ನು ಸಾಯುವ ಮುಂಚೆ ಅವರೇ ಬರೆದಿಟ್ಟಿದ್ದರು. ಅರವತ್ತಮೂರು ಹಕ್ಕಿಗಳು ಮುಗಿದವು. ಉಳಿದದ್ದು ದಾರ ಕಟ್ಟಿ ಅರಗು ಒತ್ತಿದ ಒಂದು ಲಕೋಟೆ.

“ಇದಕ್ಕೆ ಹೆಸರೇ ಇಲ್ವಲ್ಲಮ್ಮಾ. ಬರೀ ತಾರೀಖು.”

ಆಕೆಯ ಕೈ ನಿಂತಿತು. “ಅದು ಹಕ್ಕಿ ಅಲ್ಲ. ನಮ್ಮ ಕೂಸು. ಹೆಣ್ಣು. ಹುಟ್ಟುವಾಗ್ಲೇ ಜೀವ ಇರ್ಲಿಲ್ಲ. ನನಗೆ ಎಚ್ಚರ ಬರೋದ್ರೊಳಗೆ ಮಣ್ಣು ಮಾಡಿ ಬಂದಿದ್ರು. ಮುಖ ಬರೆದಿಟ್ಟಿದೀನಿ, ಆದ್ರೆ ನೋಡ್ಬೇಡ, ನಿನ್ನ ಕೈಲಿ ತಡ್ಕೊಳ್ಳೋಕಾಗಲ್ಲ ಅಂದ್ರು. ನೋಡ್ಲಿಲ್ಲ.”

ಮೂರನೆಯ ವಾರಕ್ಕೆ ಗಂಡ ಹೆಂಡತಿ ಇಬ್ಬರೂ ದ್ವೀಪಗಳ ಹಡಗು ಹತ್ತಿದ್ದರು. ಎಳೆಗೂಸಿನ ಜೊತೆ ಹೋಗಲಾಗದ ಎರಡು ವರ್ಷದ ಕೆಲಸ. ಗಂಡ ಅದನ್ನು ಬಿಡುವವರಾಗಿರಲಿಲ್ಲ. ಎದೆಯಲ್ಲಿ ಹಾಲು ಕಟ್ಟಿಕೊಂಡೇ ಆಕೆ ಅವರ ಸಂಗ್ರಹಕ್ಕೆ ಹಕ್ಕಿಗಳ ತೊಗಲು ಸುಲಿದಳು. ಅಂದಿನಿಂದ ಯಾವ ಮನೆಗೆ ಹೋದರೂ ಪಕ್ಕದ ಕೋಣೆಯಲ್ಲಿ ಒಂದು ಕೂಸು ಅಳುತ್ತಿತ್ತು. “ಬೆಕ್ಕು,” ಎನ್ನುತ್ತಿದ್ದರು ಗಂಡ, ತಲೆಯೆತ್ತದೆ. ಮೂರು ವರ್ಷದ ಹಿಂದೆ ಯಾರೋ ಅಪರಿಚಿತ ಹೆಂಗಸಿನ ಕಾಗದ ಬಂದಾಗಲೂ ಹಾಗೆಯೇ, “ಮೋಸಗಾರ್ತಿ. ಉತ್ತರ ಬರೀಬೇಡ,” ಎಂದಿದ್ದರು. ಆಕೆ ಬರೆದಿದ್ದಳು. ಅಂಚೆಗೆ ಹಾಕಿರಲಿಲ್ಲ.

“ಕೊಡೋಕೆ ಮನಸ್ಸಿಲ್ದಿದ್ರೆ ಇಟ್ಕೊಳ್ಳಿ ಅಮ್ಮಾ,” ಎಂದ ಗುಮಾಸ್ತ. “ಪಟ್ಟೀನ ಅರವತ್ತಮೂರು ಅಂತ ತಿದ್ದಿಸ್ತೀನಿ. ಸಾಹೇಬ್ರಿಗೆ ಎಣಿಸೋಕೆಲ್ಲಿ ಬರತ್ತೆ.”

“ಬೇಡಪ್ಪಾ. ಕೊಟ್ಟುಬಿಟ್ರೆ ಆ ಅಳು ನಿಲ್ಲುತ್ತೇನೋ. ಒಂದೇ ಒಂದ್ಸಲ ಮುಖ ನೋಡಿ ಕೊಡ್ತೀನಿ.”

ಅರಗು ಒಡೆದಳು. ಅಂಗೈಯಗಲದ ಮುಖ. ತನ್ನದೇ ಗಲ್ಲ. ತೆರೆದ ಕಣ್ಣು. ಆಕೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಣ್ಣಿನ ಮೇಲೆ ಧೂಳಿರಬೇಕೆಂದು ಕುಂಚ ಆಡಿಸಿದಳು. ಮತ್ತೆ ಆಡಿಸಿದಳು. ಮೂರನೆಯ ಸಲ ಸೆರಗಿನ ತುದಿಯಿಂದ ಒರೆಸಿದಳು.

ಗುಮಾಸ್ತ ದನಿ ತಗ್ಗಿಸಿ ಕೇಳಿದ: “ಮೃತ ಅಂತ ಬರ್ಕೊಳ್ಳಲಾ ಅಮ್ಮಾ?”

“ಜೀವಂತ.”

ಮಧ್ಯಾಹ್ನದ ಟಪಾಲು ಹೊರಡುವ ಮುಂಚೆ, ‘ನಾನು ನಿಮ್ಮ ಮಗಳು’ ಎಂದು ಬರೆದಿದ್ದವಳಿಗೆ ಮೂರು ವರ್ಷ ತಡೆದಿಟ್ಟ ಉತ್ತರ ಬೀದಿಯ ತುದಿಯ ಅಂಚೆಡಬ್ಬಿಯೊಳಗೆ ಬಿತ್ತು.