ಶಿವದೇವಿಗೆ ಗೊತ್ತಿಲ್ಲದ ಸೀರೆ

"ಪೇ ನೌ, ಬಟನ್" ಎಂದು ಕಂಪ್ಯೂಟರ್ ಓದಿ ಹೇಳಿದಾಗ ಮಲ್ಲಣ್ಣನವರ ಬೆರಳು ಅಲ್ಲೇ ನಿಂತಿತು. ಕಣ್ಣು ಕಾಣದ ಅವರು ಮಲ್ಕಾಜ್‌ಗಿರಿಯ ಮನೆಯಿಂದ ಜಾಲತಾಣಗಳನ್ನು ತಯಾರಿಸುವ ಈ ಕಂಪನಿಗೆ ಬಂದು, ಅಂಧರು ಅವನ್ನು ಸಲೀಸಾಗಿ ಬಳಸಬಹುದೇ ಎಂದು ಪರೀಕ್ಷಿಸಿ ಅಂಕ ಕೊಡುತ್ತಿದ್ದರು. ಹೋದ ಸಲ ಈ ಸೀರೆ ಅಂಗಡಿಯ ತಾಣ ಇದೇ ಜಾಗದಲ್ಲಿ ಯಾವ ಬಟನ್ ಎಂದು ಹೇಳದೆ ಬರೀ "ಬಟನ್" ಎಂದಿತ್ತು. ಅವರು ಸೊನ್ನೆ ಕೊಟ್ಟಿದ್ದರು. ಅದನ್ನು ತಿದ್ದಿದ ಮೈಸೂರಿನ ಶ್ರೀವಿದ್ಯಾ ಈಗ ಪಕ್ಕದಲ್ಲೇ ಕೂತಿದ್ದಳು.

"ಎಷ್ಟು ಅಂಕ ಕೊಡ್ತೀರಾ ಸಾರ್?"

"ತಡೀರಿ ತಂಗಿ. ಒತ್ತಿದ್ರ ಖರೇನ ಸೀರಿ ಮನಿಗೆ ಬರ್ತೈತೇನು?"

"ಬರುತ್ತೆ ಸಾರ್. ಆದ್ರೆ ಪರೀಕ್ಷೆಗೆ ಅಷ್ಟೆಲ್ಲ ಬೇಕಾಗಿಲ್ಲ."

"ನನಗ ಬೇಕಾಗೈತ್ರಿ. ಇಷ್ಟು ವರ್ಷ ನನ್ನ ಹೇಣ್ತಿ ಶಿವದೇವಿಗೆ ಏನು ಕೊಡಿಸಿದ್ರೂ ಬಣ್ಣ, ರೇಟು ಎಲ್ಲಾ ಆಕೀನ ನನಗ ಓದಿ ಹೇಳಬೇಕಿತ್ತು. ಆಕಿಗೆ ಗೊತ್ತಾಗ್ದಂಗ ಒಂದು ಸೀರಿ ಕೊಡಸಬೇಕಂತ ಭಾಳ ಆಸೆ."

ಅವರು ಗುಂಡಿ ಒತ್ತಿ, ಬಾಯಿಪಾಠವಾಗಿದ್ದ ತಮ್ಮ ಕಾರ್ಡಿನ ನಂಬರನ್ನು ನಿಧಾನವಾಗಿ ಟೈಪ್ ಮಾಡಿದರು. "ಆರ್ಡರ್ ಕನ್ಫರ್ಮ್ಡ್" ಎಂದಿತು ಯಂತ್ರ. ಮಲ್ಲಣ್ಣ ಶ್ರೀವಿದ್ಯಾಳ ದನಿ ಬರುತ್ತಿದ್ದ ಕಡೆಗೆ ತಿರುಗಿ ಕೈಮುಗಿದರು. ಅವಳು ಅಂಕ ಕೇಳುವುದನ್ನೇ ಮರೆತಳು.

ಅಷ್ಟರಲ್ಲಿ ಹೊರಗೆ ಕಾಯುತ್ತಿದ್ದ ಶಿವದೇವಿ ಬಾಗಿಲು ತೆರೆದರು. "ಕೆಲಸ ಮುಗೀತೇನ್ರಿ? ಯಾಕ ನಗಾಕತ್ತೀರಿ?"

"ಏನಿಲ್ಲ, ನಡಿ" ಎಂದು ಮಲ್ಲಣ್ಣ ಎದ್ದರು.