ಎಸ್ಪೆರೋ

ಲ್ಯಾಟಿನ್ ಮೇಷ್ಟ್ರು ತೊಟ್ಟಿದ್ದ ಪ್ಯಾಂಟಿನ ಅಂಚು ಮಡಿಸುತ್ತಿದ್ದ ದರ್ಜಿ ತಡೆಯಲಾರದೆ ಎದ್ದು, ಅವರ ಮೂಗಿಗೇ ಫೋನು ಹಿಡಿದ. ಜಗಳವಾಡಿ ತವರಿಗೆ ಹೋದ ಹೆಂಡತಿ, ತಿಂಗಳಾದ ಮೇಲೆ ತನ್ನ ತಾಯ್ನುಡಿ ಸ್ಪ್ಯಾನಿಷ್‌ನಲ್ಲಿ ಒಂದೇ ಪದ ಕಳಿಸಿದ್ದಳು: ಎಸ್ಪೆರೋ.

“ಲ್ಯಾಟಿನ್ ಮೂಲದಲ್ಲಿ ಆಸೆ ಇಟ್ಕೊಳ್ಳೋದು ಅಂತ,” ಮೇಷ್ಟ್ರು ನಿಂತಲ್ಲೇ ಪಾಠ ಶುರುವಿಟ್ಟರು. “ಇಟಾಲಿಯನ್‌ನಲ್ಲಿ ಇವತ್ತಿಗೂ ಅದೇ. ಸ್ಪ್ಯಾನಿಷ್‌ನಲ್ಲಿ ‘ಕಾಯ್ತಿದೀನಿ’ ಅಂತಲೂ ಆಗುತ್ತೆ.”

“ಇವಳು ಯಾವುದು ಹೇಳ್ತಿದಾಳೆ?”

“ಒಂದೇ ಪದ ನೋಡಿ ಹೇಗಪ್ಪಾ ಹೇಳಲಿ?”

ದರ್ಜಿ ಕತ್ತರಿ ಎತ್ತಿದ, ಇಟ್ಟ, ಮತ್ತೆ ಎತ್ತಿದ. “ಆಸೆಯಾದ್ರೆ ಹಬ್ಬದ ಹೊಲಿಗೆ ಎಲ್ಲಾ ಮುಗಿಸಿ ಹೋದ್ರೂ ನಡೆಯುತ್ತೆ, ಮೇಷ್ಟ್ರೇ. ಕಾಯ್ತಾ ಕೂತಿದ್ರೆ?”

ಮೇಷ್ಟ್ರು ಅರ್ಧ ಮಡಿಸಿದ ಪ್ಯಾಂಟಿನಲ್ಲೇ ಬಾಗಿಲಿಗೆ ಬರುವಷ್ಟರಲ್ಲಿ, ಅವನು ಕೊರಳಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡೇ, ಅವಳ ಊರಿಗೆ ಹೊರಟ ಬಸ್ಸಿನ ಹಿಂದೆ ಓಡುತ್ತಿದ್ದ.